ಪೊಲೀಸರ ಲೆಕ್ಕ, ಹೆಣಗಳ ಲೆಕ್ಕ: ಸ್ಟಾಕ್‌ಟನ್ ಕಲಿತದ್ದು, ಮರೆತದ್ದು

2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ನಗರದ ರಸ್ತೆಬದಿಯಲ್ಲಿ ದೊಡ್ಡ ಜಾಹೀರಾತು ಫಲಕವೊಂದು ಎದ್ದಿತು. ಅದರ ಮೇಲೆ ರಕ್ತ ಚಿಮ್ಮಿದಂತೆ ಕೆಂಪು ಕಲೆಗಳು. ರಾಜ್ಯದ ಎರಡನೆಯ ಅತಿ ಅಪಾಯಕಾರಿ ನಗರಕ್ಕೆ ಸ್ವಾಗತ, ಪೊಲೀಸರನ್ನು ಕೆಲಸದಿಂದ ತೆಗೆಯುವುದನ್ನು ನಿಲ್ಲಿಸಿ ಎಂಬುದು ಅದರ ಒಕ್ಕಣೆ. ಆ ವರ್ಷ ಊರಿನಲ್ಲಿ ಬಿದ್ದ ಹೆಣಗಳ ಲೆಕ್ಕವೂ ಅದರಲ್ಲಿತ್ತು. ನಗರಾಡಳಿತದ ಮುಖ್ಯಸ್ಥರಾದ ಸಿಟಿ ಮ್ಯಾನೇಜರ್‌ಗೆ ಫೋನ್ ಮಾಡಿ ಕೇಳಿ ಎಂದು ಸಂಖ್ಯೆಯನ್ನೂ ಕೊಟ್ಟಿದ್ದರು. ಫಲಕ ಹಾಕಿಸಿದ್ದು ಯಾವುದೋ ವಿರೋಧ ಪಕ್ಷವಲ್ಲ, ಆ ಊರಿನ ಪೊಲೀಸರದೇ ಸಂಘ.

ಪೊಲೀಸರು ಕಡಿಮೆಯಾದರೆ ಕೊಲೆ ಹೆಚ್ಚುತ್ತದೆ ಎಂಬ ಆ ಫಲಕದ ವಾದ ಕೇಳಿದ ತಕ್ಷಣ ಸರಿ ಅನ್ನಿಸುತ್ತದೆ. ಮುಂದಿನ ಎರಡು ವರ್ಷ ಅದು ಅಕ್ಷರಶಃ ನಿಜವಾದಂತೆಯೂ ಕಂಡಿತು. ಆದರೆ ಸ್ಟಾಕ್‌ಟನ್ ಚರಿತ್ರೆಯನ್ನು ಇನ್ನೊಂದಷ್ಟು ಹಿಂದಕ್ಕೂ ಮುಂದಕ್ಕೂ ಓದಿದರೆ ಲೆಕ್ಕ ಅಷ್ಟು ಸರಳವಾಗಿ ಕೂಡಿಬರುವುದಿಲ್ಲ. ಸುಮಾರು ಮೂರು ಲಕ್ಷ ಜನರ ಈ ಮಧ್ಯಮ ಗಾತ್ರದ ನಗರ ಅಮೆರಿಕದ ಎಷ್ಟೋ ಊರುಗಳು ಇಂದಿಗೂ ಜಗಳವಾಡುತ್ತಿರುವ ಪ್ರಶ್ನೆಯನ್ನು ತನ್ನ ಮೈಮೇಲೆ ಪ್ರಯೋಗ ಮಾಡಿಕೊಂಡಿತು. ಆ ಪ್ರಯೋಗದ ಬೆಲೆ ತೆತ್ತವರು ಹೆಚ್ಚಾಗಿ ಬಡ ಬಡಾವಣೆಗಳ ಹುಡುಗರು.

ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ, ಸ್ಯಾನ್ ವಾಕೀನ್ ನದಿಯ ಮುಖಜ ಪ್ರದೇಶದಲ್ಲಿರುವ ಸ್ಟಾಕ್‌ಟನ್ ಚಿನ್ನದ ಗಣಿಗಳತ್ತ ಹೊರಟವರಿಗೆ ಸಾಮಾನು ಒದಗಿಸುತ್ತ ಬೆಳೆದ ಬಂದರು. ಚಿನ್ನ ಮುಗಿದ ಮೇಲೆ ಹೊಲ ಉಳಿಯಿತು. ಚೀನೀಯರು, ಜಪಾನೀಯರು, ಫಿಲಿಪಿನೋಗಳು, ಪಂಜಾಬಿಗಳು ಆ ಹೊಲಗಳಲ್ಲಿ ದುಡಿಯಲು ಬಂದರು. ಅಮೆರಿಕದ ಮೊದಲ ಗುರುದ್ವಾರ 1912ರಲ್ಲಿ ಇಲ್ಲಿಯೇ ಸ್ಥಾಪನೆಯಾಯಿತು. ಬ್ರಿಟಿಷರ ವಿರುದ್ಧ ಅಮೆರಿಕದಲ್ಲಿದ್ದ ಭಾರತೀಯರು ಹೂಡಿದ ಗದರ್ ಚಳವಳಿಯ ಚರಿತ್ರೆ ಓದಿದವರಿಗೆ ಈ ಊರಿನ ಹೆಸರು ಹೊಸದಲ್ಲ. ಮುಂದೆ ನಗರದ ನಡುವೆ ಹೆದ್ದಾರಿ ಹಾಯಿಸಿದಾಗ ಫಿಲಿಪಿನೋ ಕೂಲಿಕಾರರ ಲಿಟಲ್ ಮನಿಲಾ ಕೇರಿಯ ಬಹುಭಾಗ ನೆಲಸಮವಾಯಿತು. 1970ರ ದಶಕದ ನಂತರ ಕಾಂಬೋಡಿಯಾ, ವಿಯೆಟ್ನಾಮ್ ಯುದ್ಧಗಳ ನಿರಾಶ್ರಿತರು ಬಂದು ನೆಲೆಸಿದರು. 1989ರ ಜನವರಿ 17ರಂದು ಬಂದೂಕುಧಾರಿಯೊಬ್ಬ ಕ್ಲೀವ್‌ಲ್ಯಾಂಡ್ ಪ್ರಾಥಮಿಕ ಶಾಲೆಯ ಆಟದ ಬಯಲಿಗೆ ಗುಂಡಿನ ಮಳೆಗರೆದಾಗ ಸತ್ತ ಐವರು ಮಕ್ಕಳೂ ಆ ಕುಟುಂಬಗಳವರು. ಯುದ್ಧದಿಂದ ತಪ್ಪಿಸಿಕೊಂಡು ಬಂದ ತಾಯ್ತಂದೆಯರಿಗೆ ಒದಗಿದ ಗತಿ ಅದು.

1990ರ ದಶಕದಲ್ಲಿ ಅಮೆರಿಕದ ನಗರಗಳೆಲ್ಲ ಗುಂಡೇಟಿಗೆ ತತ್ತರಿಸುತ್ತಿದ್ದವು. 1994ರ ಕೇಂದ್ರ ಕಾಯ್ದೆ ದೇಶದಾದ್ಯಂತ ಒಂದು ಲಕ್ಷ ಪೊಲೀಸರ ನೇಮಕಕ್ಕೆ ಹಣ ಒದಗಿಸಲು ಹೊರಟಿತು. ಸಂಖ್ಯೆ ಹೆಚ್ಚಿಸುವುದು ರಾಜಕಾರಣಿಗಳಿಗೆ ಇಷ್ಟವಾಗುವ ಮಾತು, ಎಣಿಸಿ ತೋರಿಸಬಹುದು. ಆದರೆ ಪೊಲೀಸ್ ವಿದ್ಯೆಯ ಒಳಗೇ ಅಷ್ಟರಲ್ಲಿ ಒಂದು ಸಂಶಯ ಹುಟ್ಟಿಯಾಗಿತ್ತು. 1972-73ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಹದಿನೈದು ಬೀಟ್‌ಗಳನ್ನು ಮೂರು ಪಾಲು ಮಾಡಿ ಪರೀಕ್ಷೆ ನಡೆಸಿದ್ದರು. ಐದು ಬೀಟ್‌ಗಳಲ್ಲಿ ಗಸ್ತು ಪೂರ್ತಿ ನಿಂತಿತು, ಕರೆ ಬಂದರೆ ಮಾತ್ರ ಪೊಲೀಸರು ಹೋಗಬೇಕು. ಐದರಲ್ಲಿ ಎಂದಿನಷ್ಟೇ ಗಸ್ತು. ಉಳಿದ ಐದರಲ್ಲಿ ಎರಡು ಮೂರು ಪಟ್ಟು. ವರ್ಷದ ಕೊನೆಗೆ ನೋಡಿದರೆ ಅಪರಾಧದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಇನ್ನೂ ಅಚ್ಚರಿಯೆಂದರೆ, ತಮ್ಮ ಬೀದಿಯಲ್ಲಿ ಗಸ್ತು ಹೆಚ್ಚಿದ್ದೋ ನಿಂತದ್ದೋ ನಿವಾಸಿಗಳ ಗಮನಕ್ಕೇ ಬಂದಿರಲಿಲ್ಲ. ಕಾರಿನಲ್ಲಿ ಸುಮ್ಮನೆ ಸುತ್ತುವುದರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೇ ಎಂದಾಯಿತು.

ಹಾಗಾದರೆ ಏನು ಮಾಡಬೇಕು? ಬಾಸ್ಟನ್ ನಗರ 1996ರಲ್ಲಿ ಒಂದು ದಾರಿ ತೋರಿಸಿತು. ಯಾವ ಊರಿನಲ್ಲೇ ಆಗಲಿ, ಬಂದೂಕು ಹಿಡಿದು ಕೊಲ್ಲುವವರೂ ಅದೇ ಗುಂಡಿಗೆ ಸಾಯುವವರೂ ಬೆರಳೆಣಿಕೆಯ ಗುಂಪುಗಳಿಗೆ ಸೇರಿದವರು, ಊರಿನ ಜನಸಂಖ್ಯೆಯಲ್ಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ. ಅವರನ್ನು ಹೆಸರು ಹಿಡಿದು ಗುರುತಿಸಿ, ಕರೆಸಿ, ಎದುರಾ ಎದುರು ಮಾತಾಡಬೇಕು. ಸ್ಟಾಕ್‌ಟನ್ ಮರುವರ್ಷವೇ, ಅಂದರೆ 1997ರಲ್ಲಿ, ಇದನ್ನು ಆಪರೇಷನ್ ಪೀಸ್‌ಕೀಪರ್ ಎಂಬ ಹೆಸರಿನಲ್ಲಿ ತಂದಿತು.

ಆ ಸಭೆ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಕಥೆಯ ಕೀಲು ಅಲ್ಲಿದೆ. ಪರೀಕ್ಷಾರ್ಥ ಬಿಡುಗಡೆಯಲ್ಲಿರುವ ಹುಡುಗರಿಗೆ ಕರೆ ಹೋಗುತ್ತದೆ. ಬಂಧಿಸಲಿಕ್ಕಲ್ಲ ಎಂದು ಮೊದಲೇ ಹೇಳಿರುತ್ತಾರೆ. ಕೋಣೆಯಲ್ಲಿ ಒಂದು ಕಡೆ ಪೊಲೀಸ್ ಅಧಿಕಾರಿ, ಸರ್ಕಾರಿ ವಕೀಲರು. ಇನ್ನೊಂದು ಕಡೆ ಚರ್ಚಿನ ಪಾದ್ರಿ, ಮಗನನ್ನು ಗುಂಡಿಗೆ ಕಳೆದುಕೊಂಡ ತಾಯಿ, ಹಿಂದೆ ಇದೇ ಬೀದಿಯಲ್ಲಿ ಓಡಾಡಿ ಈಗ ದಾರಿ ಬದಲಿಸಿದ ಹಿರಿಯ. ಮಾತು ನೇರವಾಗಿರುತ್ತದೆ: ನೀವು ಬದುಕಿರಬೇಕು, ಜೈಲಿನ ಹೊರಗಿರಬೇಕು, ಅದು ನಮ್ಮ ಆಸೆ. ಕೆಲಸ, ಓದು, ಊರು ಬಿಡಲು ನೆರವು ಬೇಕಾದರೆ ಈ ಸಂಖ್ಯೆಗೆ ಫೋನ್ ಮಾಡಿ. ಆದರೆ ನಿಮ್ಮ ಗುಂಪಿನಿಂದ ಮುಂದಿನ ಗುಂಡು ಹಾರಿದರೆ ಇಡೀ ಗುಂಪಿನ ಮೇಲೆ ನಮ್ಮ ಕಣ್ಣು ಬೀಳುತ್ತದೆ. ತಾಯಿ ಮಾತಾಡುವಾಗ ಕೋಣೆ ಸ್ತಬ್ಧವಾಗುತ್ತದೆ ಎಂದು ಇಂತಹ ಸಭೆಗಳಲ್ಲಿ ಕುಳಿತವರೆಲ್ಲ ಹೇಳುತ್ತಾರೆ.

ನಂತರ ನಡೆದ ಅಧ್ಯಯನವೊಂದು ಈ ಕಾರ್ಯಕ್ರಮದ ಅವಧಿಯಲ್ಲಿ ಸ್ಟಾಕ್‌ಟನ್‌ನಲ್ಲಿ ಬಂದೂಕಿನ ಕೊಲೆಗಳು ತಿಂಗಳ ಲೆಕ್ಕದಲ್ಲಿ ಶೇ 42ರಷ್ಟು ಇಳಿದವು ಎಂದು ಲೆಕ್ಕ ಹಾಕಿತು. ಇಷ್ಟು ಒಳ್ಳೆಯ ಫಲ ಕೊಟ್ಟ ಕೆಲಸ 2002ರ ಹೊತ್ತಿಗೆ ಸೊರಗಿತು. ಕೊಲೆ ಇಳಿದ ಮೇಲೆ ಅದರ ಮೇಲಿನ ಗಮನವೂ ಇಳಿಯಿತು. ನನಗೆ ಈ ಚರಿತ್ರೆಯಲ್ಲಿ ಅತಿ ಹೆಚ್ಚು ನೋವು ಕೊಡುವುದು ಇದೇ. ಮದ್ದು ಗೊತ್ತಿಲ್ಲದೆ ಸತ್ತವರ ಕಥೆ ಬೇರೆ. ಈ ಊರಿನವರ ಕೈಯಲ್ಲಿ ಮದ್ದು ಇತ್ತು.

ಅಷ್ಟರಲ್ಲಿ ಊರಿಗೆ ಮನೆ ಕಟ್ಟುವ ಹುಚ್ಚು ಹಿಡಿದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಮನೆ ಕೊಳ್ಳಲಾಗದವರು ದಿನಕ್ಕೆ ಮೂರು ನಾಲ್ಕು ಗಂಟೆ ಕಾರಿನಲ್ಲಿ ಕಳೆದರೂ ಸರಿ ಎಂದು ಸ್ಟಾಕ್‌ಟನ್‌ನಲ್ಲಿ ಕೊಂಡರು. ಬಂದ ತೆರಿಗೆಯ ಬಲದಲ್ಲಿ ನಗರಾಡಳಿತ ಕ್ರೀಡಾಂಗಣ ಕಟ್ಟಿತು, ನದಿ ದಂಡೆ ಚೆಂದಗೊಳಿಸಿತು. ನಿವೃತ್ತ ನೌಕರರಿಗೆ ಜೀವನಪರ್ಯಂತ ವೈದ್ಯಕೀಯ ವೆಚ್ಚ ಕೊಡುವ ಭರವಸೆ ಮೊದಲೇ ಇತ್ತು. ಪಿಂಚಣಿ ನಿಧಿಗೆ ತುಂಬಲು 2007ರಲ್ಲಿ 12.5 ಕೋಟಿ ಡಾಲರ್ ಸಾಲಪತ್ರ ಹೊರಡಿಸಿದರು. ಆ ಹಣ ಹೂಡಿಕೆಯಾದ ಬೆನ್ನಲ್ಲೇ ಷೇರುಪೇಟೆ ಕುಸಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಯಾರ ಕಿವಿಗೂ ಬೀಳದ ಕಾಲವದು. ಮನೆಗಳ ಬೆಲೆ ಬಿದ್ದಾಗ ಸಾಲ ತೀರಿಸಲಾಗದೆ ಮನೆ ಕಳೆದುಕೊಂಡವರ ಪ್ರಮಾಣದಲ್ಲಿ ಸ್ಟಾಕ್‌ಟನ್ ಇಡೀ ದೇಶದ ಮುಂಚೂಣಿಯಲ್ಲಿತ್ತು.

ಅಮೆರಿಕದಲ್ಲಿ ಪೊಲೀಸ್ ಪಡೆ ಬಹುಮಟ್ಟಿಗೆ ಆಯಾ ನಗರದ ಸ್ವಂತ ಸೊತ್ತು. ಸಂಬಳ, ಪಿಂಚಣಿ, ವಾಹನ, ಎಲ್ಲವೂ ನಗರದ ಬೊಕ್ಕಸದಿಂದಲೇ ಹೋಗಬೇಕು. ಸಾಮಾನ್ಯ ನಿಧಿಯ ಬಹುದೊಡ್ಡ ಪಾಲು ಪೊಲೀಸ್ ಮತ್ತು ಅಗ್ನಿಶಾಮಕ ದಳಗಳಿಗೇ ಮೀಸಲು. ಹಾಗಾಗಿ ಬೊಕ್ಕಸ ಬರಿದಾದಾಗ ಮೊದಲು ಉದ್ಯಾನ, ಗ್ರಂಥಾಲಯಗಳಿಗೆ ಕತ್ತರಿ ಬಿದ್ದರೂ ಕೊನೆಗೆ ಪೊಲೀಸರನ್ನು ಮುಟ್ಟದೆ ವಿಧಿಯಿಲ್ಲ. ಆರ್ಥಿಕ ಕುಸಿತಕ್ಕೆ ಮೊದಲು 440ರಷ್ಟಿದ್ದ ಅಧಿಕಾರಿಗಳ ಸಂಖ್ಯೆ 2012ರ ಹೊತ್ತಿಗೆ 320ರ ಆಸುಪಾಸಿಗೆ ಇಳಿಯಿತು. ಸಾವಿರ ಜನರಿಗೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ದೇಶದ ಸರಾಸರಿ ಇದರ ಎರಡು ಪಟ್ಟಿನಷ್ಟು. ಮಾದಕವಸ್ತು ಪತ್ತೆ ತಂಡವನ್ನೇ ವಿಸರ್ಜಿಸಿದರು. ಕಳ್ಳತನ ಆಗಿಹೋದ ಮೇಲೆ ಕರೆದರೆ ಬರಲಾಗದು, ಅಪರಾಧ ನಡೆಯುತ್ತಿದ್ದರೆ ಮಾತ್ರ ಬರುತ್ತೇವೆ ಎನ್ನುವ ಸ್ಥಿತಿ ಬಂತು. ಹೀಗಾದಾಗ ಜನ ದೂರು ಕೊಡುವುದನ್ನೇ ಬಿಡುತ್ತಾರೆ. ಅಂಕಿಅಂಶ ಓದುವವರು ನೆನಪಿಡಬೇಕಾದ ಸಂಗತಿ ಇದು: ಪೊಲೀಸರು ಕಡಿಮೆಯಾದ ಊರಿನಲ್ಲಿ ದಾಖಲಾದ ಕಳ್ಳತನಗಳು ಇಳಿದಂತೆ ಕಾಣಬಹುದು. ಕೊಲೆಯ ಲೆಕ್ಕವನ್ನು ಮಾತ್ರ ಹಾಗೆ ಮುಚ್ಚಿಡಲಾಗದು.

ಆ ಲೆಕ್ಕ 2011ರಲ್ಲಿ 58ಕ್ಕೆ ಏರಿ ಹಳೆಯ ದಾಖಲೆಯನ್ನು ಮುರಿಯಿತು. 2012ರಲ್ಲಿ 71. ಅದೇ ವರ್ಷ ಜೂನ್ 28ರಂದು ನಗರ ದಿವಾಳಿ ಅರ್ಜಿ ಸಲ್ಲಿಸಿತು. ಅಲ್ಲಿಯವರೆಗೆ ಅಮೆರಿಕದಲ್ಲಿ ಅಷ್ಟು ಜನಸಂಖ್ಯೆಯ ನಗರ ಯಾವುದೂ ದಿವಾಳಿ ಎದ್ದಿರಲಿಲ್ಲ. ಮರುವರ್ಷ ಡೆಟ್ರಾಯಿಟ್ ಆ ಕುಖ್ಯಾತಿಯನ್ನು ತನ್ನದಾಗಿಸಿಕೊಂಡಿತು. ಪುರಭವನಕ್ಕೆಂದು ಕೊಂಡಿದ್ದ ಹೊಸ ಕಟ್ಟಡವನ್ನು ಬ್ಯಾಂಕ್ ವಶಪಡಿಸಿಕೊಂಡಿತು.

ಇಲ್ಲಿಗೆ ನಿಲ್ಲಿಸಿದರೆ ಆ ಕೆಂಪು ಕಲೆಯ ಫಲಕದ ವಾದ ಗೆದ್ದಂತೆ. ಆದರೆ 2013ರಲ್ಲಿ ಕೊಲೆಗಳ ಸಂಖ್ಯೆ 32ಕ್ಕೆ ಇಳಿಯಿತು, ಅರ್ಧಕ್ಕಿಂತ ಕಡಿಮೆ. ಆಗಿನ್ನೂ ಪಡೆ ಬೆಳೆದಿರಲಿಲ್ಲ. ಹೊಸ ಪೊಲೀಸರ ನೇಮಕಕ್ಕಾಗಿ ಮಾರಾಟ ತೆರಿಗೆಯನ್ನು ಡಾಲರಿಗೆ ಮುಕ್ಕಾಲು ಸೆಂಟ್ ಏರಿಸುವ ಪ್ರಸ್ತಾವಕ್ಕೆ ಮತದಾರರು ಒಪ್ಪಿಗೆ ಕೊಟ್ಟದ್ದೇ ಆ ವರ್ಷದ ನವೆಂಬರ್‌ನಲ್ಲಿ. ನಡುವೆ ಆದದ್ದೇನು? ಎರಿಕ್ ಜೋನ್ಸ್ ಎಂಬ ಹೊಸ ಪೊಲೀಸ್ ಮುಖ್ಯಸ್ಥರು ಬಂದಿದ್ದರು. ಹತ್ತು ವರ್ಷ ಹಿಂದೆ ಕೈಬಿಟ್ಟ ವಿಧಾನವನ್ನು ಸೀಸ್‌ಫೈರ್ ಹೆಸರಿನಲ್ಲಿ ಮತ್ತೆ ಎತ್ತಿಕೊಂಡರು. ರಾಜ್ಯದ ಹೆದ್ದಾರಿ ಪೊಲೀಸರು ನೆರವಿಗೆ ಬಂದರು. ಇದ್ದವರನ್ನೇ ಗುಂಡಿನ ಸದ್ದು ಕೇಳಿಬರುವ ಕೆಲವೇ ಬೀದಿಗಳತ್ತ ತಿರುಗಿಸಿದರು. ಇಷ್ಟೂ ಇಳಿಕೆ ಇದರಿಂದಲೇ ಎನ್ನಲಾಗದು. ಮೂರು ಲಕ್ಷ ಜನರ ಊರಿನಲ್ಲಿ ಎರಡು ಗುಂಪುಗಳ ಹಗೆಯೊಂದೇ ವರ್ಷದ ಲೆಕ್ಕವನ್ನು ಹತ್ತಿಪ್ಪತ್ತು ಏರಿಸಬಲ್ಲದು, ಅದು ತಣ್ಣಗಾದರೆ ಅಷ್ಟೇ ಇಳಿಯುತ್ತದೆ.

ಮುಂದಿನದು ಇನ್ನೂ ತೊಡಕಿನದು. ತೆರಿಗೆಯ ಹಣ ಬಂತು. ಅದರಲ್ಲಿ ಶೇ 65ರಷ್ಟು ಕಾನೂನು ಸುವ್ಯವಸ್ಥೆಗೆ, ಉಳಿದದ್ದು ದಿವಾಳಿಯಿಂದ ಹೊರಬರಲು ಎಂದು ಮತದಾರರು ಸಲಹೆ ಕೊಟ್ಟಿದ್ದರು. 120 ಪೊಲೀಸರನ್ನು ಹೆಚ್ಚುವರಿಯಾಗಿ ಸೇರಿಸುವ ಗುರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ಗೊಣಗಿದವರಿಗೂ ಬಾಗಿಲು ಬೇಕೇ ಇತ್ತು. ಆದರೆ ಹುದ್ದೆ ಮಂಜೂರಾದ ಮಾತ್ರಕ್ಕೆ ಬೀದಿಯಲ್ಲಿ ಪೊಲೀಸ್ ನಿಂತಂತಾಗುವುದಿಲ್ಲ. ತಿಂಗಳುಗಟ್ಟಲೆ ತರಬೇತಿ, ಹಿನ್ನೆಲೆ ತಪಾಸಣೆ, ಹಿರಿಯರ ಜೊತೆ ಅಭ್ಯಾಸ. ಇಷ್ಟೆಲ್ಲ ಮುಗಿಸಿ ತಯಾರಾದವರಿಗೆ ಪಕ್ಕದ ಶ್ರೀಮಂತ ನಗರಗಳು ಹೆಚ್ಚು ಸಂಬಳದ ಆಸೆ ತೋರಿಸುತ್ತವೆ. ದಿವಾಳಿಯ ಕಾಲದಲ್ಲಿ ವೇತನ ಭತ್ಯೆ ಕಡಿತ ಅನುಭವಿಸಿದ ಪಡೆ ಇದು. ಒಂದು ಬಾಗಿಲಿನಿಂದ ಬಂದವರು ಇನ್ನೊಂದು ಬಾಗಿಲಿನಿಂದ ಹೊರಟರು. ವರ್ಷಗಳೇ ಹಿಡಿದು ಪಡೆ ಹಿಗ್ಗಿತು. ಮಂಜೂರಾದ ಹುದ್ದೆಗಳು 485ಕ್ಕೆ ಮುಟ್ಟಿದವು. ಪಡೆ ಹಿಗ್ಗುತ್ತಿದ್ದ ಅದೇ ವರ್ಷಗಳಲ್ಲಿ ಕೊಲೆಗಳು ಮತ್ತೆ ಐವತ್ತರ ಸುತ್ತ ಏರಿದವು. 2018ರಲ್ಲಿ ಮತ್ತೆ ಮೂವತ್ತರ ಆಸುಪಾಸಿಗೆ ಇಳಿದವು.

ಇದನ್ನೇ ಹಿಡಿದು ಪೊಲೀಸರ ಸಂಖ್ಯೆಗೂ ಕೊಲೆಗೂ ಸಂಬಂಧವೇ ಇಲ್ಲ ಎಂದು ವಾದಿಸುವವರಿದ್ದಾರೆ. ಅದು ತಪ್ಪು. ನ್ಯೂಜೆರ್ಸಿಯ ನ್ಯೂವರ್ಕ್ ನಗರ 2010ರ ಕೊನೆಯಲ್ಲಿ 167 ಪೊಲೀಸರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆಯಿತು. ನೆರೆಯ ಜೆರ್ಸಿ ಸಿಟಿ ಅಂತಹುದೇ ಹಣದ ಮುಗ್ಗಟ್ಟಿನಲ್ಲಿಯೂ ತನ್ನವರನ್ನು ಉಳಿಸಿಕೊಂಡಿತು. ಎರಡನ್ನೂ ಹೋಲಿಸಿದ ಸಂಶೋಧಕರಿಗೆ ನ್ಯೂವರ್ಕ್‌ನಲ್ಲಿ ಅಪರಾಧ ಏರಿದ್ದು ಸ್ಪಷ್ಟವಾಗಿ ಕಂಡಿತು. ಅಮೆರಿಕದ ಇನ್ನೂರಕ್ಕೂ ಹೆಚ್ಚು ನಗರಗಳನ್ನು ಅಭ್ಯಸಿಸಿದ ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ 10ರಿಂದ 17 ಪೊಲೀಸರನ್ನು ಹೆಚ್ಚಿಸಿದರೆ ವರ್ಷಕ್ಕೆ ಒಂದು ಕೊಲೆ ತಪ್ಪುತ್ತದೆ, ಜನಸಂಖ್ಯೆಗೆ ಹೋಲಿಸಿದರೆ ಇದರ ಲಾಭ ಕಪ್ಪು ಜನರಿಗೆ ಹೆಚ್ಚು. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಪೊಲೀಸರು ಹೆಚ್ಚಾದಂತೆ ಸಣ್ಣಪುಟ್ಟ ತಪ್ಪುಗಳಿಗೆ ಆಗುವ ಬಂಧನವೂ ಹೆಚ್ಚುತ್ತದೆ, ಆ ಹೊರೆ ಬೀಳುವುದೂ ಕಪ್ಪು ಜನರ ಮೇಲೆಯೇ. ಮಗನ ಪ್ರಾಣ ಉಳಿಸಿದ ಪಡೆಯೇ ಇನ್ನೊಬ್ಬ ಮಗನನ್ನು ಗಾಂಜಾ ತುಣುಕಿಗೆ ಜೈಲಿಗೆ ಕಳಿಸಿದರೆ ಆ ಬೀದಿಯ ತಾಯಂದಿರು ಪೊಲೀಸರಿಗೆ ಸಾಕ್ಷಿ ಹೇಳುತ್ತಾರೆಯೇ? ಸಾಕ್ಷಿ ಸಿಗದ ಕೊಲೆ ಪತ್ತೆಯಾಗುವುದಿಲ್ಲ. ಪತ್ತೆಯಾಗದ ಕೊಲೆಗೆ ಸತ್ತವನ ಗೆಳೆಯರೇ ತೀರ್ಪು ಕೊಡಲು ಹೊರಡುತ್ತಾರೆ.

ಎರಿಕ್ ಜೋನ್ಸ್ ಇದನ್ನು ಅರಿತಿದ್ದರು ಎನ್ನಿಸುತ್ತದೆ. 2015ರಲ್ಲಿ ಕೇಂದ್ರ ನ್ಯಾಯ ಇಲಾಖೆ ಪೊಲೀಸರ ಮೇಲಿನ ನಂಬಿಕೆ ಬೆಳೆಸುವ ಯೋಜನೆಗೆ ಆರಿಸಿದ ಆರು ನಗರಗಳಲ್ಲಿ ಸ್ಟಾಕ್‌ಟನ್ ಒಂದು. ಮರುವರ್ಷ ಜೋನ್ಸ್ ಕಪ್ಪು ಜನರ ಚರ್ಚ್ ಒಂದರಲ್ಲಿ ನಿಂತು, ಈ ದೇಶದ ವರ್ಣಭೇದದ ಚರಿತ್ರೆಯಲ್ಲಿ ಪೊಲೀಸರ ಪಾತ್ರವಿತ್ತು ಎಂದು ಸಮವಸ್ತ್ರದಲ್ಲಿದ್ದುಕೊಂಡೇ ಒಪ್ಪಿಕೊಂಡರು. ಅದೇ ವರ್ಷ ಮೇಯರ್ ಆಗಿ ಗೆದ್ದ ಮೈಕಲ್ ಟಬ್ಸ್‌ಗೆ ಆಗ 26 ವರ್ಷ. ಕಾಲೇಜಿನಲ್ಲಿದ್ದಾಗ, 2010ರಲ್ಲಿ, ಸ್ಟಾಕ್‌ಟನ್‌ನ ಕೂಟವೊಂದರಲ್ಲಿ ಸೋದರಬಂಧುವನ್ನು ಗುಂಡೇಟಿಗೆ ಕಳೆದುಕೊಂಡದ್ದೇ ತನ್ನನ್ನು ಊರಿಗೆ ವಾಪಸು ತಂದಿತು ಎಂದು ಅವರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಗುಂಡು ಹಾರಿಸುವ ಸಾಧ್ಯತೆ ಹೆಚ್ಚಿರುವ ಯುವಕರ ಜೊತೆ ದಿನನಿತ್ಯ ಒಡನಾಡುವ ಅಡ್ವಾನ್ಸ್ ಪೀಸ್ ಕಾರ್ಯಕ್ರಮ ಅವರ ಅವಧಿಯಲ್ಲಿ ಬಂತು. 125 ನಿವಾಸಿಗಳಿಗೆ ತಿಂಗಳಿಗೆ 500 ಡಾಲರ್ ಕೊಡುವ ಪ್ರಯೋಗವೂ 2019ರಲ್ಲಿ ಶುರುವಾಯಿತು. 2020ರಲ್ಲಿ ಟಬ್ಸ್ ಸೋತರು. ಕೋವಿಡ್ ವರ್ಷದಲ್ಲಿ ಇಡೀ ದೇಶದಂತೆ ಇಲ್ಲಿಯೂ ಕೊಲೆಗಳು ಏರಿದವು. ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ಪೊಲೀಸ್ ಕೆಲಸಕ್ಕೆ ಬರುವವರೇ ದೇಶದೆಲ್ಲೆಡೆ ಕಡಿಮೆಯಾದಾಗ ಸ್ಟಾಕ್‌ಟನ್‌ನ ಮಂಜೂರಾದ ಹುದ್ದೆಗಳೂ ಮತ್ತೆ ಖಾಲಿ ಬೀಳತೊಡಗಿದವು.

2022ರಲ್ಲಿ ಊರಿನ ಕತ್ತಲ ಮೂಲೆಗಳಲ್ಲಿ ಒಂಟಿಯಾಗಿದ್ದವರು ಒಬ್ಬರ ಹಿಂದೆ ಒಬ್ಬರು ಗುಂಡಿಗೆ ಬಲಿಯಾಗತೊಡಗಿದರು. ಸ್ಯಾನ್ ಹೋಸೆಯಿಂದ ಹೊಸದಾಗಿ ಬಂದಿದ್ದ ಮುಖ್ಯಸ್ಥ ಸ್ಟ್ಯಾನ್ಲಿ ಮೆಕ್‌ಫ್ಯಾಡನ್ ಅವರ ಕೈಯಲ್ಲಿದ್ದದ್ದು ವ್ಯಕ್ತಿಯೊಬ್ಬ ನಡೆದುಹೋಗುವ ಮಸುಕು ವಿಡಿಯೊ ತುಣುಕು. ಅದನ್ನು ಜನರ ಮುಂದಿಟ್ಟು, ಈ ನಡಿಗೆಯನ್ನು ನೋಡಿ, ಗೊತ್ತಿದ್ದರೆ ಹೇಳಿ ಎಂದು ಬೇಡಿಕೊಂಡರು. ಸುಳಿವು ಕೊಡುವ ಕರೆಗಳು ನೂರಾರು ಬಂದವು. ಅಕ್ಟೋಬರ್ 15ರ ನಸುಕಿನಲ್ಲಿ ಕಾರಿನಲ್ಲಿ ಸುತ್ತುತ್ತಿದ್ದ ಶಂಕಿತನನ್ನು ಪೊಲೀಸರು ಹಿಡಿದರು. ಅವರನ್ನು ಅವನ ಬಳಿಗೆ ಒಯ್ದದ್ದರಲ್ಲಿ ಆ ಕರೆಗಳ ಪಾಲು ದೊಡ್ಡದು. ಹತ್ತು ವರ್ಷ ಹಿಂದೆ ಇದೇ ಊರಿನಲ್ಲಿ ಮನೆ ಕಳ್ಳತನವಾದರೆ ಫೋನ್ ಎತ್ತಿಕೊಳ್ಳುವುದನ್ನೇ ಜನ ಬಿಟ್ಟಿದ್ದರು.