ಬೇಲೂರಿನ ಗುಡಿಗೆ ನಾನು ಕಟ್ಟಿದ ಶಿಖರ

ಬೇಸಿಗೆ ರಜೆಗೆ ಹಾಸನಕ್ಕೆ ಬಂದಿದ್ದ ಅಕ್ಕನ ಮಗಳು ಡ್ರಾಯಿಂಗ್ ಪುಸ್ತಕ ಮುಂದಿಟ್ಟು, "ಮಾಮ, ಬೇಲೂರು ದೇವಸ್ಥಾನ ಬರ್ಕೊಡು" ಎಂದಳು. ಅದೇನು ಮಹಾ! ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮೂಲೆ ಮೂಲೆಯಾದ ಜಗತಿ, ಗೋಡೆಯ ಬುಡದಲ್ಲಿ ಆನೆಗಳ ಸಾಲು, ಮೇಲೆ ಎತ್ತರದ ಶಿಖರ. ಬರೆದುಕೊಟ್ಟೆ.

ಭಾನುವಾರ ಅವಳನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಚಿತ್ರ ನೋಡಿದಳು, ಗುಡಿ ನೋಡಿದಳು. "ಶಿಖರ ಎಲ್ಲಿ ಮಾಮ?"

ಇಲ್ಲ. ಚೆನ್ನಕೇಶವನ ಗುಡಿಯ ಮೇಲೆ ಈಗ ಶಿಖರವೇ ಇಲ್ಲ. ಎತ್ತರಕ್ಕೆ ಇರೋದು ಹೆಬ್ಬಾಗಿಲಿನ ಗೋಪುರ. ನನ್ನ ತಲೆ ಅದನ್ನೇ ಎತ್ತಿ ಗುಡಿಯ ಮೇಲೆ ಕೂರಿಸಿತ್ತು.

ಹಾಗಂತ ತಲೆಯನ್ನು ಪೂರ್ತಿ ಬೈಯೋ ಹಾಗೂ ಇಲ್ಲ. ಅವತ್ತೇ ಅಂಗಡಿಯೊಂದರಲ್ಲಿ ಮದನಿಕೆಯರ ಫೋಟೋ ರಾಶಿ ಇತ್ತು. ದರ್ಪಣಸುಂದರಿಯ ಸೊಂಟದ ಬಳುಕು ಕಂಡದ್ದೇ ತಡ, ಗುರುತು ಸಿಕ್ಕಿತು. ನೋಡಿ ಗುರುತಿಸುವ ಕೆಲಸದಲ್ಲಿ ಮಿದುಳು ಬಲು ಗಟ್ಟಿಗ. 1973ರಲ್ಲಿ ಲಯೊನೆಲ್ ಸ್ಟ್ಯಾಂಡಿಂಗ್ ಎಂಬ ಮನೋವಿಜ್ಞಾನಿ ಜನರಿಗೆ 10,000 ಚಿತ್ರಗಳನ್ನು ಒಂದೊಂದನ್ನೂ ಕೆಲವೇ ಸೆಕೆಂಡು ತೋರಿಸಿದರು. ಆಮೇಲೆ ನೋಡಿದ್ದೊಂದು, ನೋಡದ್ದೊಂದು ಜೋಡಿ ಮಾಡಿ ಮುಂದಿಟ್ಟರೆ ನೂರಕ್ಕೆ 80ಕ್ಕೂ ಜಾಸ್ತಿ ಸಲ ಸರಿಯಾಗಿ ಹೇಳಿದರು! ಎದುರಿಗಿಲ್ಲದ್ದನ್ನು ನೆನೆದು ಬರೆಯುವುದು ಮಾತ್ರ ಬೇರೆಯೇ ಕಸುಬು. ಜೇಬಿನಲ್ಲಿರುವ ಹತ್ತು ರೂಪಾಯಿ ನೋಟನ್ನು ನೋಡದೆ ಬರೆಯಿರಿ, ಗೊತ್ತಾಗುತ್ತದೆ.

ಯಾಕೆ ಹೀಗೆ? ತಲೆಯೊಳಗೆ ಫೋಟೋ ಆಲ್ಬಂ ಇಲ್ಲ. ಕಣ್ಣಿನ ಸುದ್ದಿ ಮೊದಲು ಹಿಂದಲೆಯ ಕಡೆ ಹೋಗುತ್ತದೆ. ಅಲ್ಲಿಂದ ಗೆರೆ, ಬಣ್ಣ, ಚಲನೆ, ಮುಖ ಎಂದು ಬೇರೆ ಬೇರೆ ಭಾಗಗಳಿಗೆ ಹಂಚಿಕೆಯಾಗುತ್ತದೆ. ಈ ಬಿಡಿ ಹೂಗಳನ್ನು ಕಟ್ಟುವ ಬಾಳೆನಾರು ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ. ಕಿವಿಯ ನೇರಕ್ಕೆ ಒಳಗೆ, ಎರಡೂ ಕಡೆ ಒಂದೊಂದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಫಿಟ್ಸ್ ನಿಲ್ಲಲೆಂದು ಆಪರೇಷನ್ ಮಾಡಿ ಎರಡೂ ಕಡೆ ಅದರ ದೊಡ್ಡ ಭಾಗವನ್ನೇ ತೆಗೆದರು. ಬಾಲ್ಯದ ನೆನಪು ಉಳಿಯಿತು. ಆದರೆ ಆಮೇಲೆ ಪರಿಚಯವಾದವರು ಹೊರಗೆ ಹೋಗಿ ಬಂದರೆ ಮತ್ತೆ ಹೊಸಬರೇ.

ನೆನೆಯುವಾಗ ನಾರಿನ ಒಂದು ತುದಿ ಎಳೆದರೆ ಸಾಕು, ನೋಡುವಾಗ ಕೆಲಸ ಮಾಡಿದ ಭಾಗಗಳಲ್ಲಿ ಹಲವು ಮತ್ತೆ ಚುರುಕಾಗುತ್ತವೆ, ಸ್ವಲ್ಪ ಮಂಕಾಗಿ. ಉದುರಿಹೋದ ಹೂವಿನ ಜಾಗಕ್ಕೆ ಮಿದುಳು ತನಗೆ ಗೊತ್ತಿರುವುದನ್ನೇ ಪೋಣಿಸುತ್ತದೆ. ಗುಡಿ ಅಂದಮೇಲೆ ಶಿಖರ ಇರಲೇಬೇಕು, ಅಲ್ವಾ? ಕಿರಿಕಿರಿ ಏನೆಂದರೆ, ಪೋಣಿಸಿದ್ದು ಯಾವುದು, ಕಂಡದ್ದು ಯಾವುದು ಎಂದು ಅದು ಹೇಳುವುದಿಲ್ಲ. ನೆನೆದಾಗ ಸೇರಿಕೊಂಡದ್ದು ನೆನಪಿನ ಜೊತೆಗೇ ಗಟ್ಟಿಯಾಗಿಬಿಡಬಹುದು.

ಅಕ್ಕನ ಮಗಳು ಅಲ್ಲೇ ಜಗತಿಯ ಮೇಲೆ ಕೂತು ರಬ್ಬರಿನಿಂದ ಶಿಖರ ಅಳಿಸಿದಳು. ನನಗೆ ಈಗಲೂ ಕಣ್ಣು ಮುಚ್ಚಿದರೆ ಮೊದಲು ಬರೋದು ಶಿಖರವೇ. ಅದರ ಹಿಂದೆಯೇ ರಬ್ಬರ್ ಉಜ್ಜಿದ ಕಲೆ.