ಜಾಂಬಿಗಳ ನಡುವೆ ನಗ್ತಾ ಇರೋ ಯೂಕಿ ಎಲ್ಲಿಂದ ಬಂದ್ಳು?

ಯೂಕಿ ತಾಕೇಯಾಗೆ ಸ್ಕೂಲ್ ಅಂದ್ರೆ ಪ್ರಾಣ. ಗುಲಾಬಿ ಕೂದಲು, ಬೆಕ್ಕಿನ ಕಿವಿ ಇರೋ ಟೋಪಿ, ಬೆಳಗ್ಗೆ ಎದ್ದವಳೇ ಕ್ಲಾಸಿಗೆ ಓಟ. ಸ್ಕೂಲಲ್ಲೇ ಉಳ್ಕೊಂಡು ಅಲ್ಲೇ ಅಡುಗೆ ಮಾಡ್ಕೊಂಡು ಇರೋ ಒಂದು ಕ್ಲಬ್ಬು, ಅದ್ರಲ್ಲಿ ಮೂವರು ಗೆಳತಿಯರು, ಮೆತ್ತನೆ ಮಾತಿನ ಒಬ್ಬ ಟೀಚರ್ರು, ಒಂದು ಪುಟ್ಟ ನಾಯಿ. 2015ರ ಜುಲೈನಲ್ಲಿ 'ಗಕ್ಕೋ ಗುರಾಶಿ' ಅನ್ನೋ ಅನಿಮೆಯ (ಜಪಾನಿನ ಕಾರ್ಟೂನ್ ಸೀರಿಯಲ್) ಮೊದಲ ಎಪಿಸೋಡ್ ನೋಡ್ದವ್ರಿಗೆ ಇಪ್ಪತ್ತು ನಿಮಿಷ ಇದೇ ಸಿಕ್ಕಿದ್ದು. ನಾಯಿ ಹಿಂದೆ ಓಡೋದು, ಬಿದ್ದು ನಗೋದು. ಕೊನೇ ಎರಡು ಮೂರು ನಿಮಿಷದಲ್ಲಿ ಜೂನಿಯರ್ ಹುಡುಗಿ ಮಿಕಿ ಅದೇ ಕ್ಲಾಸ್ ರೂಮಿನ ಬಾಗ್ಲು ತೆಗೀತಾಳೆ, ಕ್ಯಾಮೆರಾ ಈಗ ಅವಳ ಕಣ್ಣಿಂದ ನೋಡುತ್ತೆ. ಕಿಟಕಿ ಗಾಜೆಲ್ಲಾ ಪುಡಿ ಪುಡಿ, ಬೆಂಚು ಚೆಲ್ಲಾಪಿಲ್ಲಿ, ಗೋಡೆ ಮೇಲೆ ಒಣಗಿದ ರಕ್ತ, ಆ ಖಾಲಿ ರೂಮಲ್ಲಿ ಯೂಕಿ ಒಬ್ಳೇ ನಿಂತು ಯಾರೂ ಇಲ್ದೇ ಇರೋ ಬೆಂಚುಗಳ ಜೊತೆ ಹರಟೆ ಹೊಡೀತಿದ್ದಾಳೆ, ಕೆಳಗೆ ಗ್ರೌಂಡಲ್ಲಿ ಯೂನಿಫಾರ್ಮ್ ಹಾಕಿದ ಹೆಣಗಳು ಓಡಾಡ್ತಿವೆ.

(ಇನ್ನೂ ನೋಡಿಲ್ಲ, ನೋಡ್ಬೇಕು ಅಂತಿದ್ರೆ ಇಲ್ಲೇ ನಿಲ್ಸಿ, ಮುಂದೆ ಪೂರ್ತಿ ಸ್ಪಾಯ್ಲರ್.)

ಆ ಟೀಚರ್ರು ಮೆಗು-ನೀ ಕೂಡ ಸತ್ತು ಆಗಿದೆ, ಯೂಕಿ ಕಣ್ಣಿಗೆ ಮಾತ್ರ ಇನ್ನೂ ಇದ್ದಾರೆ. ಮೊದಲ ಎಪಿಸೋಡುಗಳನ್ನ ಇನ್ನೊಂದ್ಸಲ ಹಾಕಿ ನೋಡಿ, ಆಕೆ ಮಾತಾಡಿದ್ರೆ ಯೂಕಿ ಬಿಟ್ಟು ಬೇರೆ ಯಾರೂ ನೇರವಾಗಿ ಉತ್ತರಾನೇ ಕೊಡಲ್ಲ, ಅಷ್ಟು ಹುಷಾರಾಗಿ ಸೀನ್ ಕಟ್ಟಿದ್ದಾರೆ. ಓಪನಿಂಗ್ ಹಾಡೂ ಅಷ್ಟೇ, ಹಾಡು ಅದೇ, ಆದ್ರೆ ಎಪಿಸೋಡ್ ಮುಂದಕ್ಕೆ ಹೋದ ಹಾಗೆ ಅದರ ಚಿತ್ರಗಳು ಒಂದೊಂದಾಗಿ ಹಾಳಾಗ್ತಾ ಹೋಗುತ್ತೆ.

ಇಂಥ ಹುಡುಗಿ ಒಂದು ಸರ್ವೈವಲ್ ಹಾರರ್ (ಭಯಾನಕ ಜಾಗದಲ್ಲಿ ಸಿಕ್ಕಿಬಿದ್ದು ಜೀವ ಉಳಿಸ್ಕೊಳ್ಳೋ) ಕಥೆಗೆ ಹೀರೋಯಿನ್ ಆಗಿದ್ದು ಹೇಗೆ ಅನ್ನೋದೇ ನಂಗೆ ಇಂಟರೆಸ್ಟಿಂಗು. ಯಾಕಂದ್ರೆ ಈ ಜಾನರ್‌ನ ಹಳೇ ರೂಲು ಬೇರೇನೇ ಇತ್ತು, ಮನಸ್ಸು ಮುರಿದವರು ಮೊದಲು ಸಾಯ್ತಾರೆ, ಗಟ್ಟಿಯಾದವರು ಉಳೀತಾರೆ.

ಶುರು ಮಾಡ್ಬೇಕು ಅಂದ್ರೆ 1972ಕ್ಕೆ ಹೋಗ್ಬೇಕು. ಕಜುಒ ಉಮೆಜು ಆ ವರ್ಷ ಒಂದು ಮಕ್ಕಳ ಮ್ಯಾಗಜೀನಲ್ಲಿ 'ದಿ ಡ್ರಿಫ್ಟಿಂಗ್ ಕ್ಲಾಸ್‌ರೂಮ್' ಅಂತ ಇಂಗ್ಲಿಷಲ್ಲಿ ಫೇಮಸ್ ಆದ ಮಾಂಗಾ (ಜಪಾನಿನ ಕಾಮಿಕ್ಸು) ಶುರು ಮಾಡಿದ್ರು, 1974ರ ತನಕ ನಡೀತು. 800ಕ್ಕೂ ಹೆಚ್ಚು ಜನ ಇರೋ ಒಂದು ಪ್ರೈಮರಿ ಸ್ಕೂಲು ಬಿಲ್ಡಿಂಗ್ ಸಮೇತ ಎದ್ದು ಭವಿಷ್ಯದ ಒಂದು ಮರಳುಗಾಡಿಗೆ ಬಂದು ಬೀಳುತ್ತೆ. ಇಲ್ಲಿ ಹುಚ್ಚು ಹಿಡಿಯೋದು ದೊಡ್ಡವರಿಗೆ! ಒಬ್ಬ ಮೇಷ್ಟ್ರು ಕೊಲೆಗಾರ ಆಗ್ತಾನೆ, ಊಟ ತರ್ತಿದ್ದವನು ಊಟಾನೇ ಹಿಡ್ಕೊಂಡು ಮಕ್ಕಳನ್ನ ಹೆದರ್ಸ್ತಾನೆ. ಆರನೇ ಕ್ಲಾಸಿನ ಶೋ ಅನ್ನೋ ಹುಡುಗ ಅವತ್ತು ಬೆಳಗ್ಗೆ ಅಮ್ಮನ ಜೊತೆ ಜಗಳ ಆಡ್ಕೊಂಡು ಬಂದಿರ್ತಾನೆ, ಈಗ ಅವನೇ ಎಲ್ಲರನ್ನೂ ನಡೆಸ್ಬೇಕು. ಅಲ್ಲಿ ಹಳೇ ಕಾಲದಲ್ಲಿ ಉಳಿದ ಅಮ್ಮ ಮಗನಿಗೋಸ್ಕರ ಹೋಟೆಲ್ ಗೋಡೆ ಒಳಗೆ ಒಂದು ಚಾಕು ಬಚ್ಚಿಡ್ತಾಳೆ, ಎಷ್ಟೋ ವರ್ಷ ಆದ್ಮೇಲಿನ ಪಾಳು ಕಟ್ಟಡದಲ್ಲಿ ಅದು ಅವನ ಕೈಗೆ ಸಿಗುತ್ತೆ. ಅದ್ಭುತ ಸೀನು. ಆದ್ರೆ ಗಮನಿಸಿ, ಶೋ ಅಳ್ತಾನೆ, ಕಿರುಚ್ತಾನೆ, ಮುಂದಿನ ಪೇಜಲ್ಲಿ ಎದ್ದು ನಿಲ್ತಾನೆ. ಅವನ ಒಳಗೆ ಏನಾಯ್ತು ಅಂತ ನೋಡೋಕೆ ಕಥೆಗೆ ಪುರ್ಸೊತ್ತಿಲ್ಲ.

ಆ ಪುರ್ಸೊತ್ತು ಬಂದಿದ್ದು 1995ರಲ್ಲಿ. ಜನವರಿ 17ರ ಬೆಳಗಿನ ಜಾವ 5:46ಕ್ಕೆ ಕೋಬೆ ಕಡೆ ಭೂಕಂಪ, 6,400ಕ್ಕೂ ಹೆಚ್ಚು ಜನ ಹೋದ್ರು, ಎರಡು ತಿಂಗಳು ಕಳೀತಿದ್ದ ಹಾಗೇ ಮಾರ್ಚ್ 20ಕ್ಕೆ ಟೋಕಿಯೊ ಸಬ್‌ವೇಲಿ ಸಾರಿನ್ ವಿಷಾನಿಲ. ಪಿಟಿಎಸ್‌ಡಿ, ಅಂದ್ರೆ ದೊಡ್ಡ ಆಘಾತ ಆದ್ಮೇಲೆ ಮನಸ್ಸಿಗೆ ಉಳಿಯೋ ಕಾಯಿಲೆ, ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರ ಪಾಡು ನೋಡಿ 1980ರಲ್ಲಿ ಅಮೆರಿಕದ ಡಾಕ್ಟರುಗಳ ಪುಸ್ತಕಕ್ಕೆ ಸೇರಿತ್ತು, ಆದ್ರೆ ಜಪಾನಿನ ಮಾಮೂಲಿ ಜನ ಅದನ್ನ ದಿನದ ಮಾತಲ್ಲಿ ಆಡೋಕೆ ಶುರು ಮಾಡಿದ್ದು ಆ ವರ್ಷ. ಮಾನಸಿಕ ವೈದ್ಯರು ನಿರಾಶ್ರಿತರ ಶಿಬಿರಗಳಿಗೆ ಹೋಗಿ ಕೂತ್ರು, ಪೇಪರಲ್ಲಿ ಟೀವೀಲಿ ಮನಸ್ಸಿನ ಆರೈಕೆ ಅಂತ ಚರ್ಚೆ. ಅದೇ ಅಕ್ಟೋಬರ್ 4ಕ್ಕೆ ಟೀವೀಲಿ 'ಇವಾಂಜಿಲಿಯನ್' ಶುರು. ಡೈರೆಕ್ಟರ್ ಹಿದೆಆಕಿ ಆನ್ನೋ ಆಗಷ್ಟೇ ನಾಕು ವರ್ಷದ ಡಿಪ್ರೆಶನ್ ದಾಟಿ ಬಂದಿದ್ರು. ಹಾಗಂತ ಭೂಕಂಪ ನೋಡ್ಕೊಂಡು ಇದನ್ನ ಬರೆದ್ರು ಅಂದ್ಕೋಬೇಡಿ, ಕೆಲಸ ಅದಕ್ಕೂ ಮುಂಚೇನೇ ಶುರುವಾಗಿತ್ತು, ನೋಡೋ ಜನ ಮಾತ್ರ ಬೇರೆ ಥರ ಆಗಿದ್ರು ಅಷ್ಟೇ. ಹೀರೋ ಹದಿನಾಕರ ಶಿಂಜಿ, ಕಿವೀಲಿ ಇಯರ್‌ಫೋನು, ಅವವೇ ಎರಡು ಹಾಡು ತಿರುಗಾ ಮುರುಗಾ, ಓಡಿಹೋಗ್ಬಾರ್ದು ಓಡಿಹೋಗ್ಬಾರ್ದು ಅಂತ ತನಗೆ ತಾನೇ ಹೇಳ್ಕೊಂಡು ಒಂದಿನ ಓಡೇ ಹೋಗ್ತಾನೆ. ಇದು ಸರ್ವೈವಲ್ ಹಾರರ್ ಅಲ್ಲ, ರೋಬೋಟ್ ಕಥೆ, ಆದ್ರೂ ಹೀರೋನ ಒಡೆದ ಮನಸ್ಸೇ ಕಥೆಯ ಮೇನ್ ರೋಡ್ ಆಗಬಹುದು ಅಂತ ಇಷ್ಟು ದೊಡ್ಡ ಮಟ್ಟದಲ್ಲಿ ತೋರ್ಸಿದ್ದು ಇದೇ.

ಸರ್ವೈವಲ್ ಹಾರರ್ ಅನ್ನೋ ಹಣೆಪಟ್ಟಿ ಬಂದಿದ್ದು ಮಾರನೇ ವರ್ಷ, 1996ರ ಮಾರ್ಚಲ್ಲಿ, ಕ್ಯಾಪ್‌ಕಾಮ್‌ನ 'ಬಯೋಹಜಾರ್ಡ್' ಗೇಮ್ ಜೊತೆ, ನಮಗೆ ರೆಸಿಡೆಂಟ್ ಈವಿಲ್ ಅಂತ ಗೊತ್ತಿರೋದು. ಮುಚ್ಚಿದ ಕಟ್ಟಡ, ಎಣಿಸಿಟ್ಟ ಬುಲೆಟ್ಟು, ಕಾರಿಡಾರಿನ ಆ ಕಡೆ ಏನೋ. ಸ್ಕೂಲಿಗೆ ಇದನ್ನ ಎತ್ತಿ ಕೂರಿಸೋದು ಸುಲಭ, ಯಾಕಂದ್ರೆ ಸ್ಕೂಲ್ ಕೂಡ ಅದೇ ತಾನೆ, ಉದ್ದ ಕಾರಿಡಾರು ಮೆಟ್ಲು ಬೀಗ.

ನಡುವೆ 'ಬ್ಯಾಟಲ್ ರೊಯಾಲ್' ಬಂತು, ಅನಿಮೆ ಅಲ್ಲ ಆದ್ರೆ ಬಿಡೋಕಾಗಲ್ಲ. 1999ರಲ್ಲಿ ಕಾದಂಬರಿ, 2000ದ ಡಿಸೆಂಬರಲ್ಲಿ ಸಿನಿಮಾ. ಒಂದು ಕ್ಲಾಸಿನ 42 ಮಕ್ಕಳನ್ನ ಒಂದು ದ್ವೀಪಕ್ಕೆ ತಂದು ಹಾಕಿ ಒಬ್ಬರನ್ನೊಬ್ರು ಕೊಲ್ಲಿ ಅನ್ನೋದು. ಆಗ ಜಪಾನಲ್ಲಿ ಹದಿಹರೆಯದವರು ಮಾಡಿದ ಅಪರಾಧಗಳದ್ದೇ ಸುದ್ದಿ, 1997ರಲ್ಲಿ ಕೋಬೇಲಿ ಹದಿನಾಕರ ಹುಡುಗ ಕೊಲೆ ಕೇಸಲ್ಲಿ ಸಿಕ್ಕಿಬಿದ್ದಿದ್ದ, 2000ದಲ್ಲಿ ಕಾನೂನೇ ತಿದ್ದಿ ಶಿಕ್ಷೆ ಕೊಡೋ ವಯಸ್ಸನ್ನ 16ರಿಂದ 14ಕ್ಕೆ ಇಳಿಸಿದ್ರು, ಈ ಸಿನಿಮಾ ಬಗ್ಗೆ ಪಾರ್ಲಿಮೆಂಟಲ್ಲೂ ಗಲಾಟೆ ಆಯ್ತು. ಡೈರೆಕ್ಟರ್ ಕಿಂಜಿ ಫುಕಾಸಾಕು ಆಗ 70ರ ಮುದುಕ. ಆತನ ಕಥೆ ಕೇಳಿ: 1945ರಲ್ಲಿ ಹದಿನೈದರ ಹುಡುಗ, ಕ್ಲಾಸಿನವರ ಜೊತೆ ಯುದ್ಧದ ಕಾರ್ಖಾನೇಲಿ ಕೆಲಸ, ಶೆಲ್ ದಾಳಿ ಆದಾಗ ಮಕ್ಕಳು ಒಬ್ಬರ ಕೆಳಗೆ ಒಬ್ಬರು ತೂರ್ಕೊಂಡು ಅಡಗಿದ್ರು, ಆಮೇಲೆ ಉಳಿದವರೇ ಗೆಳೆಯರ ಹೆಣಗಳನ್ನ ತೆಗೀಬೇಕಾಯ್ತು. ದೊಡ್ಡವರ ಮೇಲಿನ ಆ ಸಿಟ್ಟನ್ನ ಐವತ್ತೈದು ವರ್ಷ ಇಟ್ಕೊಂಡು ಸಿನಿಮಾಕ್ಕೆ ಸುರಿದ್ರು. ಇದನ್ನ ತಿಳ್ಕೊಂಡ್ಮೇಲೆ ಆ ಸಿನಿಮಾವನ್ನ ಬರೀ ಹೊಡೆದಾಟ ಅನ್ನೋಕೆ ಮನಸ್ಸು ಬರಲ್ಲ.

2013ರ 'ಅಟ್ಯಾಕ್ ಆನ್ ಟೈಟನ್' ಎಲ್ಲರಿಗೂ ಗೊತ್ತು, ಜಾಸ್ತಿ ಹೇಳಲ್ಲ. ಮನುಷ್ಯರನ್ನ ತಿನ್ನೋ ದೈತ್ಯ ಕಣ್ಣೆದುರಿಗೇ ಅಮ್ಮನನ್ನ ತಿಂದಿದ್ದು ನೋಡಿದ ಹೀರೋ ಎರೆನ್‌ಗೆ ಗಾಯ ಅಂದ್ರೆ ಪೆಟ್ರೋಲು, ಉರಿಯೋದಕ್ಕೇ ಇರೋದು.

ಈಗ ಯೂಕಿ. ಅವಳ ಮಾಂಗಾ ಶುರುವಾಗಿದ್ದು 2012ರಲ್ಲಿ, ಕಥೆ ನೊರಿಮಿತ್ಸು ಕೈಹೋ, ಚಿತ್ರ ಸಾದೊರು ಚಿಬಾ. ಪ್ರಕಟವಾಗಿದ್ದು 'ಕಿರಾರಾ' ಗುಂಪಿನ ಒಂದು ಮ್ಯಾಗಜೀನಲ್ಲಿ. ಕಿರಾರಾ ಅಂದ್ರೆ ಮುದ್ದು ಹುಡುಗಿಯರು ಟೀ ಕುಡ್ಕೊಂಡು ಕೂರೋ ಕಥೆಗಳ ಮನೆ, ಸ್ಕೂಲ್ ಹುಡುಗಿಯರ ಬ್ಯಾಂಡಿನ ಕಥೆ 'ಕೆ-ಆನ್' ಕೂಡ ಆ ಮನೇದೇ. ಅದಕ್ಕೇ ಮೊದಲ ಎಪಿಸೋಡಿನ ಮೋಸ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದು, ಮುಖಪುಟ ನೋಡಿದವರಿಗೆ ಡೌಟೇ ಬರಲ್ಲ. ಈ ಮಾಂಗಾ ಶುರುವಾಗೋಕೆ ಒಂದು ವರ್ಷ ಮುಂಚೆ ತಾನೆ 2011ರ ಮಾರ್ಚ್ 11ರ ಸುನಾಮಿ? ಜಪಾನಲ್ಲಿ ಊರಿಗೆ ಏನಾದ್ರೂ ಆದ್ರೆ ಜನ ಓಡೋದು ಸ್ಕೂಲಿಗೇ, ಜಿಮ್ ಹಾಲಲ್ಲಿ ರಟ್ಟಿನ ಗೋಡೆ ಕಟ್ಕೊಂಡು ತಿಂಗಳುಗಟ್ಟಲೆ ಇದ್ರು. ಇನ್ನೊಂದು ಕಡೆ ಇಶಿನೊಮಾಕಿಯ ಓಕಾವಾ ಶಾಲೇಲಿ 74 ಮಕ್ಕಳು ಹೋಗಿಬಿಟ್ರು. ಸ್ಕೂಲಲ್ಲಿ ಸಂಸಾರ ಮಾಡೋದು, ಸ್ಕೂಲೇ ಕಾಪಾಡುತ್ತೆ ಅಂತ ನಂಬೋದು, ಆ ನಂಬಿಕೆ ಒಡೆಯೋದು, ಇದನ್ನೆಲ್ಲಾ ನೋಡಿದ್ದ ಓದುಗರ ಕೈಗೆ ಈ ಕಥೆ ಬಂತು. ಕಥೆಯ ಸ್ಕೂಲಿಗೂ ಸೋಲಾರ್ ಪ್ಯಾನೆಲ್, ನೀರು ಶುದ್ಧ ಮಾಡೋ ವ್ಯವಸ್ಥೆ, ಮಹಡಿ ಮೇಲೆ ತರಕಾರಿ ತೋಟ, ಕೆಳಗೆ ಬೇಸ್‌ಮೆಂಟಲ್ಲಿ ಸ್ಟಾಕು, ಎಲ್ಲಾ ಇದೆ. ಯಾಕೆ ಇದೆ ಅನ್ನೋದು ಟೀಚರುಗಳಿಗಂತ ಸೀಲ್ ಮಾಡಿಟ್ಟಿದ್ದ ಒಂದು ಎಮರ್ಜೆನ್ಸಿ ಪುಸ್ತಕದಿಂದ ಆಮೇಲೆ ಗೊತ್ತಾಗುತ್ತೆ. ದೊಡ್ಡವರಿಗೆ ಮೊದಲೇ ಗೊತ್ತಿತ್ತು, ಮತ್ತದೇ.

ಡಾಕ್ಟರುಗಳ ಲೆಕ್ಕದಲ್ಲಿ ನೋಡಿದ್ರೆ ಯೂಕಿ ಅಷ್ಟೇನೂ ಸರಿಯಾದ ಚಿತ್ರ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಆಘಾತ ಆದವರಿಗೆ ಸಾಮಾನ್ಯವಾಗಿ ಆಗೋದು ಕೆಟ್ಟ ನೆನಪು ಕರೀದೇನೇ ನುಗ್ಗೋದು, ನಿದ್ದೆ ಬರ್ದೇ ಇರೋದು, ಸಣ್ಣ ಸದ್ದಿಗೂ ಬೆಚ್ಚೋದು, ಆ ಜಾಗ ಆ ಮಾತು ತಪ್ಪಿಸ್ಕೊಂಡು ಓಡಾಡೋದು, ಕೆಲವೊಮ್ಮೆ ಏನೂ ಅನ್ನಿಸ್ದೇ ಕಲ್ಲಾಗೋದು. ಇಡೀ ಪ್ರಪಂಚಾನೇ ಹಳೇ ಥರ ಕಾಣೋದು ಕಥೆಗೆ ಚೆಂದ, ನಿಜದಲ್ಲಿ ಬಲು ಅಪರೂಪ. ನಿಜವಾದ ಗಾಯ ನೋಡ್ಬೇಕು ಅಂದ್ರೆ ಅವಳ ಕ್ಲಬ್ಬಿನ ಗೆಳತಿಯರನ್ನ ನೋಡಿ. ಕುರುಮಿ ಜಾಂಬಿಯಾದ ತನ್ನ ಇಷ್ಟದ ಸೀನಿಯರ್‌ನ ಮಹಡಿ ಮೇಲೆ ಸಲಿಕೇಲೇ ಹೊಡೆದು ಮುಗಿಸಿದವಳು, ಅವತ್ತಿಂದ ಆ ಸಲಿಕೆ ಬಿಟ್ಟಿರಲ್ಲ. ಯೂರಿ ಮನೆ ಯಜಮಾನಿ ಥರ ಅನ್ನ ಸಾರು ಸ್ಟಾಕು ಎಲ್ಲದರ ಲೆಕ್ಕ ಬರೀತಾಳೆ, ಸಿಟ್ಟು ಮಾಡ್ಕೊಳ್ಳಲ್ಲ, ಎಲ್ಲರಿಗಿಂತ ಗಟ್ಟಿ ಅನ್ಸುತ್ತೆ, ಆದ್ರೆ ಗಾಯಗೊಂಡ ಕುರುಮಿ ಮುಂದೆ ಚಾಕು ಹಿಡ್ಕೊಂಡು ಕೂರೋ ಹೊತ್ತಿಗೆ ಅವಳ ಕೈ ನೋಡಬೇಕು.

ಹಾಗಾದ್ರೆ ಯೂಕಿ ಬರೀ ಗಿಮಿಕ್ಕಾ? ಕೆಲವರು ಹಾಗೇ ಬೈತಾರೆ, ಹುಚ್ಚನ್ನ ಟ್ವಿಸ್ಟಿಗೆ ಬಳಸಿದ್ರು ಅಂತ. ನಂಗೆ ಪೂರ್ತಿ ಒಪ್ಪಿಗೆ ಇಲ್ಲ. ಈ ಕಥೇಲಿ ಹೊಸದು ಅಂದ್ರೆ ಯೂಕಿಯ ಭ್ರಮೆ ಅಲ್ಲ, ಆ ಭ್ರಮೆಯನ್ನ ಉಳಿದವರು ದಿನಾ ನಿಂತು ಕಾಯೋದು. ಹೊಸದಾಗಿ ಬಂದ ಮಿಕಿ ಇದು ಸರಿಯಿಲ್ಲ, ಇವಳಿಗೆ ನಿಜ ಹೇಳ್ಬೇಕು ಅಂತ ಜಗಳಕ್ಕೇ ನಿಲ್ತಾಳೆ, ಇಲ್ಲ ಇವಳು ನಗದಿದ್ರೆ ನಾವೂ ಉಳೀತಿರ್ಲಿಲ್ಲ ಅನ್ನೋದು ಹಳಬರ ಉತ್ತರ. ಇಬ್ಬರದ್ದೂ ತಪ್ಪಲ್ಲ. ಯೂಕಿಗೂ ಒಳಗೊಳಗೇ ಗೊತ್ತು ಅನ್ನೋ ಸುಳಿವು ಅಲ್ಲಲ್ಲಿ ಬರುತ್ತೆ. ಹನ್ನೆರಡನೇ ಎಪಿಸೋಡಲ್ಲಿ, ಎಲ್ಲಾ ಬಾಗ್ಲೂ ಮುರಿದ್ಮೇಲೆ, ಅವಳು ಬ್ರಾಡ್‌ಕಾಸ್ಟ್ ರೂಮಿಗೆ ಹೋಗಿ ಮೈಕ್ ಹಿಡಿದು ಸ್ಕೂಲ್ ಮುಗೀತು, ಎಲ್ಲರೂ ಮನೆಗೆ ಹೋಗಿ ಅಂತ ಅನೌನ್ಸ್ ಮಾಡ್ತಾಳೆ. ಬದುಕಿದ್ದಾಗಿನ ಅಭ್ಯಾಸ ಉಳಿದಿರೋ ಆ ಹೆಣಗಳು ನಿಜವಾಗ್ಲೂ ತಿರುಗಿ ಹೊರಡುತ್ವೆ. ಸ್ಕೂಲ್ ಮುಗೀತು ಅಂತ ಹೇಳ್ಬೇಕಾದ್ರೆ ಅವಳು ಅದನ್ನ ಮೊದಲು ಒಪ್ಕೋಬೇಕಿತ್ತು, ಅದಕ್ಕೇ ಆ ಸೀನು ಬರೀ ಐಡಿಯಾ ಅನ್ಸಲ್ಲ.

ಅನಿಮೆ ಅಲ್ಲಿಗೆ ನಿಲ್ಲುತ್ತೆ, ಗ್ರಾಜುಯೇಶನ್ ಮಾಡ್ಕೊಂಡು ಹೊರಡ್ತಾರೆ. 2019ರಲ್ಲಿ ಮುಗಿದ ಮಾಂಗಾ 12 ಸಂಪುಟ, ಅದು ಇನ್ನೂ ಕಟು. ಸ್ಕೂಲ್ ಬಿಟ್ಟ ಮೇಲೆ ಯೂಕಿ ನಿಧಾನಕ್ಕೆ ದಡ ಹತ್ತುತ್ತಾಳೆ, ಲೆಕ್ಕ ಬರೀತಿದ್ದ ಆ ಯೂರಿ ಜಾರ್ತಾಳೆ. ಒಂದು ಪ್ರೈಮರಿ ಸ್ಕೂಲಿಂದ ತಂಗೀನ ಕಾಪಾಡಿ ಕರ್ಕೊಂಡ್ಬಂದೆ ಅಂತ ಕೈಲಿ ಹಿಡ್ಕೊಂಡಿರೋಳು, ಊಟ ಮಾಡ್ಸ್ತಾಳೆ, ಮಾತಾಡಿಸ್ತಾಳೆ, ಓದುಗರಿಗೂ ತಂಗೀನೇ ಕಾಣ್ಸುತ್ತೆ, ಆಮೇಲೆ ನೋಡಿದ್ರೆ ಟೆಡ್ಡಿ ಬೇರ್. ಈ ಸಲ ಹೌದು ಹೌದು ಅಂತ ತಲೆಯಾಡಿಸಿ ಆ ಆಟ ನಡೆಸ್ಕೊಂಡು ಹೋಗೋರಲ್ಲಿ ಯೂಕಿಯೂ ಒಬ್ಳು.