ಕಣ್ಣೊಳಗಿನ ಕಟ್ಟು ಬಿಡಿಸಲು ಹೋದ ಚಾಕು

ರಾತ್ರಿ ಮಲಗುವಾಗ ಸರಿಯಿದ್ದ ಕಣ್ಣು ಬೆಳಗ್ಗೆ ಎದ್ದರೆ ಮಂಜು ಮಂಜು. ನೋವಿಲ್ಲ, ಕೆಂಪಾಗಿಲ್ಲ. ಒಳಗೆ ಬೆಳಕು ಬಿಟ್ಟು ನೋಡಿದ ವೈದ್ಯರಿಗೆ ಮಾತ್ರ ಅಕ್ಷಿಪಟಲದ (ಕಣ್ಣಿನ ಹಿಂಬದಿಯ ಪರದೆ, ರೆಟಿನಾ) ತುಂಬ ಕುಂಕುಮ ಎರಚಿದಂತೆ ರಕ್ತ, ಉಬ್ಬಿ ಅಂಕುಡೊಂಕಾದ ನಾಳಗಳು ಕಾಣುತ್ತವೆ. ರಕ್ತವನ್ನು ಹೊರಗೊಯ್ಯುವ ಅಭಿಧಮನಿ ಕಟ್ಟಿಕೊಂಡು ಅಕ್ಷಿಪಟಲ ಊದಿಕೊಂಡಿದೆ. ಬಿಪಿ, ಶುಗರ್, ಗ್ಲಾಕೋಮಾ ಇದ್ದವರಿಗೆ ಈ ಅಪಾಯ ಹೆಚ್ಚು.

ಕಟ್ಟಿದ್ದನ್ನು ಬಿಡಿಸಿದರಾಯಿತಲ್ಲ? ಶಸ್ತ್ರವೈದ್ಯರಿಗೂ ಹಾಗೇ ಅನ್ನಿಸಿತು. ಅಕ್ಷಿಪಟಲದಲ್ಲಿ ರಕ್ತ ತರುವ ಧಮನಿ ಅಭಿಧಮನಿಯನ್ನು ದಾಟುವ ಕಡೆ ಎರಡಕ್ಕೂ ಒಂದೇ ಹೊದಿಕೆ. ಧಮನಿ ಗಡುಸಾದರೆ ಕೆಳಗಿನ ಅಭಿಧಮನಿ ಅದುಮಿಹೋಗುತ್ತದೆ. 1988ರಲ್ಲಿ ಆಸ್ಟರ್ಲೋ ಮತ್ತು ಚಾರ್ಲ್ಸ್ ಎಂಬ ವೈದ್ಯರು ಆ ಹೊದಿಕೆಯನ್ನೇ ಸೀಳಿ ಎರಡನ್ನೂ ಬೇರ್ಪಡಿಸಿದ ವರದಿ ಪ್ರಕಟಿಸಿದರು. ಆಮೇಲೆ ತಕರಾರು ಎದ್ದಿತು: ಹೊದಿಕೆ ಮುಟ್ಟದೆ ಬರೀ ಕಣ್ಣೊಳಗಿನ ಲೋಳೆ ತೆಗೆದವರಲ್ಲೂ ಊತ ಇಳಿಯುತ್ತಿತ್ತು!

ಮುಖ್ಯ ಅಭಿಧಮನಿಯೇ ಕಟ್ಟಿಕೊಂಡರೆ ಕಥೆ ಇನ್ನೂ ಕಠಿಣ. ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಕಿಂಡಿಯಲ್ಲಿ ಧಮನಿ, ಅಭಿಧಮನಿ, ಹತ್ತು ಲಕ್ಷಕ್ಕೂ ಹೆಚ್ಚು ನರತಂತುಗಳು ಒತ್ತೊತ್ತಾಗಿ ಹಾಯುತ್ತವೆ. 2001ರಲ್ಲಿ ಅಮೆರಿಕದ ಮಿಚೆಲ್ ಆಪ್ರೆಮ್ಕಾಕ್ ತಂಡ 11 ರೋಗಿಗಳಲ್ಲಿ ದೃಷ್ಟಿನರದ ತಲೆಗೇ, ಮೂಗಿನ ಕಡೆಯಿಂದ, ಸಣ್ಣ ಚಾಕು ಇಳಿಸಿ ಗಾಯ ಮಾಡಿತು. ಕಿಂಡಿ ಸಡಿಲವಾದರೆ ರಕ್ತ ಹರಿದೀತೆಂಬ ಎಣಿಕೆ. ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ನೆಲೆಸಿದ್ದ ಕಣ್ಣಿನ ವೈದ್ಯ ಸೋಹನ್ ಸಿಂಗ್ ಹೇರೆ ಇದನ್ನು ಕಟುವಾಗಿ ವಿರೋಧಿಸಿದರು. ಚಾಕು ನರತಂತುಗಳನ್ನೇ ಕತ್ತರಿಸುತ್ತದೆ ಎಂಬುದು ಅವರ ಆಕ್ಷೇಪ. ನನಗಂತೂ ಅವರ ಮಾತೇ ಸರಿಯೆನಿಸುತ್ತದೆ: ಒಮ್ಮೆ ತುಂಡಾದ ದೃಷ್ಟಿನರದ ತಂತು ಮತ್ತೆ ಬೆಳೆಯುವುದಿಲ್ಲ.

ವಾದ ಮುಗಿಯುವ ಮೊದಲೇ ಇಂಜೆಕ್ಷನ್ ಬಂತು. 2005ರಲ್ಲಿ ಕ್ಯಾನ್ಸರ್ ಔಷಧಿ ಅವಾಸ್ಟಿನ್ ಅನ್ನು ಕಣ್ಣಿಗೆ ಚುಚ್ಚಿ ನೋಡಿದರು. 2010ರಲ್ಲಿ ಅದೇ ಬಗೆಯ ಔಷಧಿ ಲ್ಯುಸೆಂಟಿಸ್‌ನ ದೊಡ್ಡ ಪ್ರಯೋಗಗಳ ಫಲಿತಾಂಶ ಬಂದಾಗ ಚಾಕು ಬದಿಗೆ ಸರಿಯಿತು. ಆದರೆ ಈ ಔಷಧಿ ಕಟ್ಟನ್ನು ಬಿಡಿಸುವುದಿಲ್ಲ, ಕಟ್ಟಿನಿಂದಾದ ಊತವನ್ನಷ್ಟೇ ಇಳಿಸುತ್ತದೆ. ಹಾಗಾಗಿ ಅನೇಕರು ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕು.

ಅದಕ್ಕೇ ಹಳೆಯ ಆಸೆ ಇನ್ನೂ ಸತ್ತಿಲ್ಲ. 2017ರ ಜನವರಿಯಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಕಣ್ಣಿನ ಶಸ್ತ್ರವೈದ್ಯ ಪೀಟರ್ ಸ್ಟಾಲ್ಮನ್ಸ್ ರೋಬೋಟಿನ ನೆರವಿನಿಂದ 0.03 ಮಿಲಿಮೀಟರ್ ಸೂಜಿಯನ್ನು ರೋಗಿಯ ಅಭಿಧಮನಿಯೊಳಗೇ ತೂರಿಸಿದರು. ನಾಳದ ದಪ್ಪ 0.1 ಮಿಲಿಮೀಟರ್, ಕೂದಲೆಳೆಯಷ್ಟು. ಹೆಪ್ಪು ಕರಗಿಸುವ ಔಷಧಿ ಒಳಹೋಗಲು ಸೂಜಿ ಹತ್ತು ನಿಮಿಷ ಅಲ್ಲಾಡದೆ ನಿಲ್ಲಬೇಕಿತ್ತು. ಮನುಷ್ಯನ ಕೈ ಅಷ್ಟು ಹೊತ್ತು ನಡುಗದೆ ಇರಲಾರದು, ರೋಬೋಟ್ ನಡುಗದೆ ಹಿಡಿದು ನಿಂತಿತು.